ನಮ್ಮ ಬೇಲಿಯ ಹದಿನಾಲ್ಕು ಗಿಡಗಳು

ನನಗೊಂದು ಕೆಟ್ಟ ಅಭ್ಯಾಸವಿದೆ. ನಿರ್ಧಾರವನ್ನು ಮೊದಲು ಮಾಡಿಬಿಡುತ್ತೇನೆ, ವಿಚಾರ ಮಾಡುವುದು ಆಮೇಲೆ. ವಿಚಾರ ಮಾಡಿದ ಮೇಲೆ ನಿರ್ಧಾರ ತಪ್ಪು ಅನ್ನಿಸಿದರೂ ಬದಲಾಯಿಸುವ ಜಾಯಮಾನ ನನ್ನದಲ್ಲ. ಒಮ್ಮೆ ಕಾಫಿ ಬಿಡುತ್ತೇನೆಂದು ಮನೆಯವರೆಲ್ಲರ ಮುಂದೆ ಘೋಷಿಸಿ, ತಲೆನೋವಿನಲ್ಲಿ ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತ ಹನ್ನೆರಡು ದಿನ ಕಳೆದೆ. ಹದಿಮೂರನೆಯ ದಿನ ನನ್ನ ಹೆಂಡತಿ ಗಿರಿಜಾ ತಾನೇ ಲೋಟ ತಂದು ಮುಂದಿಟ್ಟು, "ಕುಡೀರಿ ಮಾರಾಯ್ರ, ನಮ್ಮ ಸಲುವಾಗಿ ಕುಡೀರಿ" ಎಂದು ಕೈಮುಗಿದಳು. ಅದನ್ನೂ ನಾನು ನನ್ನ ಗೆಲುವೆಂದೇ ತಿಳಿದಿದ್ದೇನೆ. ಇಂಥವನು ಗಾಂಜಾ ಅಂಗಡಿಯ ವಿರುದ್ಧ ಹೋರಾಟಕ್ಕೆ ಇಳಿದರೆ ಏನಾದೀತು ಎಂಬುದನ್ನು ಯಾರು ಬೇಕಾದರೂ ಊಹಿಸಬಹುದಿತ್ತು. ನಾನೊಬ್ಬ ಊಹಿಸಲಿಲ್ಲ.

ನಾವಿರುವುದು ಪರದೇಶದಲ್ಲಿ, ಕ್ಯಾಂಪ್‌ಬೆಲ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ಈ ರಾಜ್ಯದಲ್ಲಿ ಮೋಜಿಗೆ ಗಾಂಜಾ ಸೇದಲು ಕಾನೂನು ಒಪ್ಪಿಗೆ ಕೊಟ್ಟು ವರ್ಷಗಳೇ ಆದವು. ಆದರೆ ಅದನ್ನು ಮಾರುವ ಅಂಗಡಿ ಬೇಕೋ ಬೇಡವೋ ಎಂಬುದನ್ನು ಆಯಾ ಊರಿನ ಕೌನ್ಸಿಲ್ಲು ತೀರ್ಮಾನಿಸಬೇಕು. ನಮ್ಮಲ್ಲಿ ಹಾಸಿಗೆ ಮಾರುತ್ತಿದ್ದ ಮಳಿಗೆಯೊಂದು ಖಾಲಿಯಾಗಿ, ಅಲ್ಲಿ ಗಾಂಜಾ ಅಂಗಡಿ ತೆರೆಯಲು ಅರ್ಜಿ ಬಂತು. ಅಲ್ಲಿಂದ ಎರಡೇ ಬಾಗಿಲು ಆಚೆಗೆ ನಮ್ಮ ಭಾನುವಾರದ ಕನ್ನಡ ಕ್ಲಾಸು. ಸಣ್ಣ ಮಕ್ಕಳಿಗೆ ಅಲ್ಲಿ ಕಾಗುಣಿತ ಹೇಳಿಕೊಡುವವನು ನಾನು. ಸುದ್ದಿ ಕೇಳಿದ್ದೇ ತಡ, ಈ ಅಂಗಡಿ ಬರಕೂಡದು ಎಂದು ನಿರ್ಧರಿಸಿಬಿಟ್ಟೆ. ಕೆಂಪು ಗೆರೆ ಹೊಡೆದ ಗಾಂಜಾ ಎಲೆಯ ಚಿತ್ರವಿರುವ ಇನ್ನೂರು ಕರಪತ್ರ ಅಚ್ಚು ಹಾಕಿಸಿದೆ. ಕೌನ್ಸಿಲ್ಲಿನ ಮುಂದೆ ಒಬ್ಬೊಬ್ಬರಿಗೂ ಮೂರು ನಿಮಿಷ ಮಾತಾಡಲು ಅವಕಾಶವಿದೆಯೆಂದು ತಿಳಿದು ಭಾಷಣ ಬರೆದೆ. ಅದರ ಮೊದಲ ಸಾಲು ಹೀಗಿತ್ತು: "ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಚೆನ್ನಾಗಿ ಬಲ್ಲ ತಂದೆಯಾಗಿ ನಾನು ಮಾತನಾಡುತ್ತಿದ್ದೇನೆ." ಬರೆದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಬಹಳ ಚೆನ್ನಾಗಿದೆ ಅನ್ನಿಸಿತು.

ಮಗಳು ಅನಘಾಗೆ ಹದಿನಾರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಭಾಷಣ ಕೇಳಿ ಅವಳು, ಅಂಗಡಿಯಲ್ಲಾದರೆ ವಯಸ್ಸಿನ ಗುರುತುಚೀಟಿ ನೋಡುತ್ತಾರೆ, ಕದ್ದು ಮಾರುವವನು ಏನನ್ನೂ ಕೇಳುವುದಿಲ್ಲ, ಹಾಗಿದ್ದರೆ ಯಾವುದು ವಾಸಿ ಎಂದಳು. ನಾನು, ಇದು ಸಂಸ್ಕಾರದ ಪ್ರಶ್ನೆ ಎಂದೆ. "ಮತ್ತೆ ಸ್ಯಾಟರ್ಡೇ ನಿನ್ನ ವಿಸ್ಕಿ, ಅಪ್ಪಾ?" ಎಂದಳು. ಇಂಥ ಹೊತ್ತಿಗೆ ಅವಳಿಗೆ ಕನ್ನಡ ಎಲ್ಲಿಂದಲೋ ಬಂದುಬಿಡುತ್ತದೆ. ವಿಸ್ಕಿಯ ವಿಷಯವೇ ಬೇರೆ ಎಂದೆ. ಹೇಗೆ ಬೇರೆ ಎಂದು ಕೇಳಿದಾಗ ನನಗೆ ಮೀಟಿಂಗು ಇದ್ದದ್ದು ನೆನಪಾಯಿತು.

ಆ ಸಮಯದಲ್ಲಿ ಗದಗದಿಂದ ಅತ್ತೆಯವರೂ ಬಂದಿದ್ದರು. ಆರು ತಿಂಗಳಿಗೆಂದು ಬಂದವರು, ವಾಪಸು ಹೊರಡಲು ಎರಡೇ ವಾರ ಉಳಿದಿತ್ತು. ನನ್ನ ಕರಪತ್ರದ ಕಟ್ಟು ಊಟದ ಮೇಜಿನ ಮೇಲೆ ಬಂದು ಕೂತಾಗಿನಿಂದ ಅವರ ಮಾತು ಕಡಿಮೆಯಾಗಿತ್ತು. ನನಗೆ ಬಡಿಸುವಾಗ ತಲೆ ಎತ್ತುತ್ತಿರಲಿಲ್ಲ. ಊರಿನ ನೆನಪಾಗಿರಬೇಕು ಅಂದುಕೊಂಡೆ. ಕೇಳಬಹುದಿತ್ತು. ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಸಹಿ ಸಂಗ್ರಹಕ್ಕೆ ಹೊರಟೆ. ದೂರದ ಬೀದಿಗಳಲ್ಲಿ ಸಹಿ ಸಲೀಸಾಗಿ ಸಿಕ್ಕಿತು. ನಮ್ಮ ಬೀದಿಗೆ ಬಂದಾಗ ಮಾತ್ರ ಬಾಗಿಲು ತೆರೆದವರೆಲ್ಲ ಕರಪತ್ರ ನೋಡಿ, ನನ್ನ ಮುಖ ನೋಡಿ, ನಗು ಅದುಮಿಕೊಂಡು ಸಹಿ ಹಾಕಿದರು. ಕೊನೆಗೆ ಎದುರುಮನೆಯ ವಾಲ್ಟರ್, ನಿವೃತ್ತ ಮೇಷ್ಟರು, ಬಹಳ ಸಂಭಾವಿತ ಮನುಷ್ಯ, ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದ: "ನೋಡಿ, ನಾನು ಆ ಕಾನೂನಿಗೆ ವೋಟು ಹಾಕಿದವನು, ನಿಮ್ಮ ಮೇಲೆ ನನ್ನ ತಕರಾರೇನೂ ಇಲ್ಲ. ಆದರೆ ಮನೆಗೆ ಆರೇ ಗಿಡ ಬೆಳೆಸಬಹುದು. ಅದೂ ರಸ್ತೆಗೆ ಕಾಣಬಾರದು. ನಿಮ್ಮಲ್ಲಿ ಹದಿನಾಲ್ಕಿವೆ."

ನಾನು ಗ್ಯಾರೇಜಿನಿಂದ ಕಾರಿನಲ್ಲಿ ಹೊರಬಿದ್ದು, ಫ್ರೀವೇ ಹಿಡಿದು ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಿ, ಮತ್ತೆ ಗ್ಯಾರೇಜಿನೊಳಗೇ ಬಂದಿಳಿಯುವ ಪ್ರಾಣಿ. ನನ್ನ ಮನೆಯ ಮುಂಭಾಗವನ್ನು ನಾನು ಸರಿಯಾಗಿ ನೋಡಿ ತಿಂಗಳುಗಳಾಗಿದ್ದವು. ವಾಲ್ಟರ್ ಕೈತೋರಿಸಿದಾಗ ನೋಡಿದೆ. ಬೇಲಿಯುದ್ದಕ್ಕೂ ಭುಜದೆತ್ತರದ ಗಿಡಗಳು. ಒಂದೊಂದು ಎಲೆಯೂ ಬೆರಳು ಬಿಡಿಸಿದ ಹಾಗೆ, ನನ್ನ ಕರಪತ್ರದಿಂದಲೇ ಎದ್ದು ಬಂದ ಹಾಗೆ! ಗಾಂಜಾದ ಪರ ಮಾತಾಡುವವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದಾರೆ ಎಂಬುದು ತಲೆಗೆ ಹೊಳೆಯಿತು. ಮುಂದಿನದನ್ನು ಯೋಚಿಸಲೇ ಇಲ್ಲ. ಹದಿನಾಲ್ಕನ್ನೂ ಬೇರುಸಮೇತ ಕಿತ್ತೆ. ಕಾಂಡದ ಸಣ್ಣ ಮುಳ್ಳುಗಳು ಅಂಗೈಗೆ ಚುಚ್ಚಿದರೂ ಬಿಡದೆ, ಹೊರೆಯನ್ನು ತಬ್ಬಿಕೊಂಡು ಒಳಗೆ ನುಗ್ಗಿ, ತಿಂಡಿ ತಿನ್ನುತ್ತಿದ್ದ ಅನಘಾಳ ಮುಂದೆ ಕೆಡವಿ, "ಎಷ್ಟು ದಿನದಿಂದ ನಡೀತಿದೆ ಇದು?" ಎಂದು ಗುಡುಗಿದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಗಿಡ ನೋಡಿದಳು, ನನ್ನ ಜೇಬಿನಿಂದ ಇಣುಕುತ್ತಿದ್ದ ಕರಪತ್ರ ನೋಡಿದಳು. ಆಮೇಲೆ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಓಡಿ ಬಂದರು, ಕೈಯಲ್ಲಿ ರೊಟ್ಟಿ ಹಿಟ್ಟು.

"ಅಯ್ಯ ನನ ಶಿವನ! ಕಿತ್ತ ಬಿಟ್ರೇನ್ರಿ ಅಳಿಯಂದ್ರ? ನಿಮಗ ಪುಂಡಿಪಲ್ಯಾ ಸೇರೂದಿಲ್ಲಂದ್ರ ನನಗ ಒಂದ್ ಮಾತು ಹೇಳಬೇಕಾಗಿತ್ತು. ನಾನ ಕಿತ್ತ ಒಗೀತಿದ್ದೆ. ಅದಕ್ಕಂತ ಊರತುಂಬಾ ಚೀಟಿ ಹಂಚೂದೇನಿತ್ತು?"

ಅದು ಪುಂಡಿ. ಗದಗದ ಕಡೆ ಜೋಳದ ರೊಟ್ಟಿಯ ಜೊತೆ ಹುಳಿಹುಳಿಯಾಗಿ ತಿನ್ನುವ ಸೊಪ್ಪು. ಮೈಸೂರಿನವನಾದ ನಾನು ಅದನ್ನು ತಟ್ಟೆಯಲ್ಲಿ ಕಂಡಿದ್ದೆ, ಗಿಡವಾಗಿ ಕಂಡಿರಲಿಲ್ಲ. ಅತ್ತೆ ಯಾರೋ ತೆಲುಗಿನವರಿಂದ ಬೀಜ ಇಸಿದುಕೊಂಡು, ಹೊರಡುವ ಮೊದಲು ಮಗಳಿಗೆ ಒಮ್ಮೆ ಮಾಡಿ ಬಡಿಸಬೇಕೆಂದು ದಿನಾ ನೀರು ಹಾಕಿ ಬೆಳೆಸಿದ್ದರು. ತಮ್ಮ ಪುಂಡಿಯ ಎಲೆಗೆ ಅಳಿಯ ಕೆಂಪು ಗೆರೆ ಹೊಡೆಸಿ ಮನೆಮನೆಗೂ ಹಂಚುತ್ತಿದ್ದಾನೆಂದು ವಾರವಿಡೀ ಒಳಗೊಳಗೇ ನೊಂದಿದ್ದರು. "ನಿಮಗೇನ್ ತಲಿ ಕೆಟ್ಟದೇನ್ರಿ?" ಎಂದು ಶುರುಮಾಡಿದ ಗಿರಿಜಾ ನಡುವೆ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು. ಅನಘಾ ನಗಲಿಲ್ಲ. "ಯು ಡಿಡ್ನ್ಟ್ ಈವನ್ ಆಸ್ಕ್ ಮಿ, ಅಪ್ಪಾ" ಎಂದು ಎದ್ದು ಹೋದಳು. ಕೋಣೆಯ ಬಾಗಿಲು ಮೆಲ್ಲಗೆ ಹಾಕಿಕೊಂಡಳು. ದಡಾರನೆ ಹಾಕಿದ್ದರೆ ನನಗೆ ವಾಸಿಯಿತ್ತು.

ಹದಿನಾಲ್ಕು ಗಿಡದ ಸೊಪ್ಪು ಒಟ್ಟಿಗೇ ಬೇಯಬೇಕಾಯಿತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬೀದಿಗೆಲ್ಲ ಹರಡಿತು. ವಾಲ್ಟರ್‌ಗೂ ಒಂದು ಡಬ್ಬಿ ಹೋಯಿತು. ಅವನು ಪೂರ್ತಿ ತಿಂದು, ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಕಾದು, ಆಮೇಲೆ ಡಬ್ಬಿ ವಾಪಸು ತಂದು, "ನನಗಿನ್ನೂ ಏನೂ ಆಗಿಲ್ಲ, ಆದರೂ ಇನ್ನಷ್ಟು ಇದ್ದರೆ ಕೊಡಿ" ಎಂದ. ಅನಘಾ ಮೂರು ದಿನ ನನ್ನೊಡನೆ "ಓಕೆ", "ಫೈನ್" ಬಿಟ್ಟು ಬೇರೆ ಮಾತಾಡಲಿಲ್ಲ. ತಪ್ಪಾಯಿತು ಎಂದು ಹೇಳಲು ಅವಳ ಬಾಗಿಲ ತನಕ ನಾಲ್ಕು ಸಲ ಹೋದೆ. ನಾಲ್ಕು ಸಲವೂ ಒಗೆದ ಬಟ್ಟೆ ಇಟ್ಟು ಬಂದೆ.

ಇಷ್ಟಾದರೂ ನನ್ನ ನಿರ್ಧಾರ ಸಡಿಲಲಿಲ್ಲ. ಮಂಗಳವಾರ ಸಂಜೆ ಕೌನ್ಸಿಲ್ ಸಭೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಮೈಕಿನ ಮುಂದೆ ನಿಂತು ಕಾಗದ ಬಿಡಿಸಿದರೆ, ಕುರ್ಚಿಗಳ ಎರಡನೆಯ ಸಾಲಿನಲ್ಲಿ ಅಮ್ಮನ ಪಕ್ಕದಲ್ಲಿ ಅನಘಾ. ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಚೆನ್ನಾಗಿ ಬಲ್ಲ ತಂದೆಯಾಗಿ... ಆ ಸಾಲನ್ನು ಓದದೆ ಬಿಟ್ಟೆ. ಗಡಿಯಾರ ಓಡುತ್ತಿತ್ತು. ಕಾಗದ ಮಡಚಿ ಜೇಬಿಗಿಟ್ಟು, ಪುಂಡಿಯ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಗಳನ್ನು ಒಂದು ಮಾತೂ ಕೇಳದೆ ಅಪರಾಧಿ ಮಾಡಿದೆ, ಅದು ತಪ್ಪು, ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ ಎಂದೆ. ಅಂಗಡಿ ಮಾತ್ರ ಬೇಡವೇ ಬೇಡ ಎಂದು ಸೇರಿಸುವಷ್ಟರಲ್ಲಿ ಮೂರು ನಿಮಿಷ ಮುಗಿದ ಕೆಂಪು ದೀಪ ಹತ್ತಿತು.

ಮುಂದಿನ ಹೆಸರು ಕರೆದರು. ಅನಘಾ ಎದ್ದು ಬಂದಳು. ಅವಳು ಹೆಸರು ಕೊಟ್ಟದ್ದು ನನಗೆ ಗೊತ್ತೇ ಇರಲಿಲ್ಲ. "ಗಿಡಗಳ ಬಗ್ಗೆ ಅಪ್ಪ ಹೇಳಿದ್ದೆಲ್ಲ ನಿಜ, ಉಳಿದದ್ದನ್ನು ನಾನು ಒಪ್ಪುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಆರಂಭಿಸಿ, ಬೆಳಕಿನಲ್ಲಿ ವಯಸ್ಸು ಕೇಳಿ ಮಾರುವುದು ಕತ್ತಲಲ್ಲಿ ಮಾರುವುದಕ್ಕಿಂತ ಯಾಕೆ ಮೇಲು ಎಂದು ವಾದಿಸಿದಳು. ಕೊನೆಯಲ್ಲಿ, "ಆದರೆ ಈ ಜಾಗದಲ್ಲಿ ಬೇಡ. ಭಾನುವಾರ ನಮ್ಮ ಕ್ಲಾಸಿಗೇ ಅಲ್ಲಿ ಪಾರ್ಕಿಂಗ್ ಸಾಲುವುದಿಲ್ಲ" ಎಂದಳು. ಸಂಸ್ಕಾರದ ಮಾತಿಗೆ ಅಲುಗದ ಕೌನ್ಸಿಲ್ಲು ಪಾರ್ಕಿಂಗ್ ಅಂದ ಕೂಡಲೇ ನೆಟ್ಟಗೆ ಕೂತಿತು. ಬೇರೆ ಜಾಗ ನೋಡಿಕೊಂಡು ಬನ್ನಿ ಎಂದು ಅರ್ಜಿಯನ್ನು ಹಿಂದಕ್ಕೆ ಕಳಿಸಿದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. "ನೀವು ಯಾವ ಪಕ್ಷ ಈಗ?" ಎಂದು ಹಿಂದಿನಿಂದ ವಾಲ್ಟರ್ ಕೇಳಿದ. ಮನೆಗೆ ಬರುವಾಗ ಕಾರಿನಲ್ಲಿ ಅನಘಾ ಮುಂದಿನ ಸೀಟಿನಲ್ಲಿ ಕೂತಳು. "ಪುಂಡಿ ಇದ್ಯಾ ಇನ್ನೂ?" ಎಂದು ಕೇಳಿದಳು. ಇದೆ ಎಂದೆ. ಕಣ್ಣು ತುಂಬಿತ್ತು, ರಸ್ತೆ ನೋಡುತ್ತಿದ್ದುದರಿಂದ ಬಚಾವಾದೆ.

ಈಗಲೂ ನಾನು ಅಂಗಡಿಯ ವಿರೋಧಿಯೇ. ಅಂದು ಗೆದ್ದದ್ದು ನಾನೇ ಎಂದು ಎಲ್ಲರಿಗೂ ಹೇಳುತ್ತೇನೆ. ಆರು ಗಿಡ ಎಂಬ ಆ ಕಾನೂನು ಶುದ್ಧ ಅವಿವೇಕ ಎಂಬ ಮಾತಿನಿಂದ ಒಂದಿಂಚೂ ಸರಿದಿಲ್ಲ. ಈ ವರ್ಷ ಅತ್ತೆ ಮತ್ತೆ ಬರುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಬಹಳ ಸಂಕೋಚದಿಂದ ಕೇಳಿದರು, "ಅಳಿಯಂದ್ರ, ಈ ಸಲ ಪುಂಡಿ ಹಾಕಬಹುದೇನ್ರಿ?"

"ಧಾರಾಳವಾಗಿ ಹಾಕಿ ಅತ್ತೆ, ಇದು ನಿಮ್ಮದೇ ಮನೆ" ಎಂದೆ. ಆಮೇಲೆ ಕಿಟಕಿಯಿಂದ ವಾಲ್ಟರ್‌ನ ಮನೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದೆ: "ಹಿತ್ತಲಲ್ಲಿ ಹಾಕೋಣ. ಆರೇ ಆರು."