ಕೆಂಪು ರೋಬೋಟು

ಫ್ಲಿಪ್ಪಿ ಟೆರ್‌ಬ್ಲಾಂಶನ ಗ್ರಹಚಾರವೆಲ್ಲ ಒಂದೇ ಒಂದು ಪದದಲ್ಲಿತ್ತು. ಅವನು ಹುಟ್ಟಿ ಬೆಳೆದ ದಕ್ಷಿಣ ಆಫ್ರಿಕಾದಲ್ಲಿ, ರಸ್ತೆ ಕೂಡುವ ಕಡೆ ಕೆಂಪು, ಹಳದಿ, ಹಸಿರು ದೀಪ ಹೊತ್ತು ನಿಲ್ಲುತ್ತದಲ್ಲ, ಆ ಕಂಬಕ್ಕೆ ರೋಬೋಟು ಅನ್ನುತ್ತಾರೆ. ಅಜ್ಜಿಯಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಹಾಗೇ ಅನ್ನುವುದು. ನೆಬ್ರಾಸ್ಕಾದಲ್ಲಿ ಹಾಗಂದವನಿಗೆ ಲಾರಿ ಲೈಸೆನ್ಸು ಸಿಗುವುದಿಲ್ಲ ಎಂದು ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ.

ಮುಸುಕಿನ ಜೋಳದ ಕುಯ್ಲಿಗೆ ಲಾರಿ ಓಡಿಸಲೆಂದು ಅವನು ಅಲ್ಲಿನ ರೈತ ಮರ್ಲ್ ಕುಲ್‌ಮನ್‌ನ ಜಮೀನಿಗೆ ಬಂದಿದ್ದ. ಹೊರದೇಶದವರಿಗೆ ಲಾರಿ ಲೈಸೆನ್ಸು ಕೊಡುವ ನಿಯಮ ಈಚೆಗೆ ಬಿಗಿಯಾಗಿತ್ತು. ಬೇಸಾಯದ ವೀಸಾದಂಥ ಎರಡು ಮೂರು ಬಗೆಯ ವೀಸಾ ಇದ್ದವರಿಗೆ ಮಾತ್ರ ಅರ್ಹತೆ, ಮೇಲೆ ಇಂಗ್ಲಿಷು ಚೆನ್ನಾಗಿ ಬರಬೇಕು. ವೀಸಾ ಏನೋ ಸರಿಯಾದದ್ದೇ ಇತ್ತು. ಎಡವಟ್ಟಾದದ್ದು ಹೋದ ವಾರ, ಪರೀಕ್ಷಕಿ ವೊಂಡಾ ಪ್ರೂಯಿಟ್ ಪಕ್ಕದಲ್ಲಿ ಕೂತಾಗ.

“ಯಾಕೆ ಲಾರಿ ನಿಲ್ಲಿಸಿದ್ರಿ?”

“ರೋಬೋಟು ಕೆಂಪಗಾಗಿದೆಯಲ್ಲ, ಟಾನಿ.” ಅವನ ಊರಲ್ಲಿ ಹಿರಿಯ ಹೆಂಗಸರೆಲ್ಲ ಟಾನಿ, ಅಂದರೆ ಚಿಕ್ಕಮ್ಮ.

“ಟೋನಿ ಯಾರು? ಯಾವ ರೋಬೋಟು?”

“ಅಗೋ, ಮೇಲಿಂದ ನಮ್ಮನ್ನೇ ನೋಡ್ತಿದೆ!”

ವೊಂಡಾ ಮೇಲೆ ನೋಡಿದಳು, ಇವನನ್ನು ನೋಡಿದಳು, ಮೆಲ್ಲಗೆ ಬಾಗಿಲ ಕಡೆ ಸರಿದು ಕೂತಳು. ಅಲ್ಲಿಗೆ ಫೇಲು.

ಅಂದಿನಿಂದ ಫ್ಲಿಪ್ಪಿಯ ಕೈಗೆ ಸಲಿಕೆ ಬಂತು. ಕಣಜದೊಳಗೆ ಇಳಿದು ಜೋಳ ಎಳೆಯುವುದು, ಮೂಗಿನ ತುಂಬ ಧೂಳು. ಅವನದೇ ನಾಡಿನ ಫಾನ್ ಬೆಜೌಡನ್‌ಹೌಟ್ ಮಾತ್ರ ಕೆಂಪು ಲಾರಿಯಲ್ಲಿ ರಾಜನ ಹಾಗೆ ಓಡಾಡುತ್ತ, ಕಣಜದ ಪಕ್ಕ ಬಂದಾಗ ಬೇಕಂತಲೇ ಹಾರ್ನ್ ಹೊಡೆಯುತ್ತಿದ್ದ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಫ್ಲಿಪ್ಪಿ ಊರಲ್ಲಿದ್ದ ತನ್ನ ಹುಡುಗಿ ಆನೆಲಿಗೆ, ನಿಂತ ಲಾರಿಯಲ್ಲಿ ಕೂತು ತೆಗೆಸಿಕೊಂಡ ಫೋಟೋ ಕಳಿಸಿ “ಇದು ನನ್ನ ಲಾರಿ” ಅಂದುಬಿಟ್ಟಿದ್ದ. ಜೀವಮಾನವೆಲ್ಲ ಲಾರಿ ಓಡಿಸಿದ ಅವಳಪ್ಪ ಬಿಡುತ್ತಾನೆಯೇ? “ಫೋಟೋ ಯಾವನಿಗೆ ಬೇಕು? ಓಡಿಸೋ ವಿಡಿಯೋ ಕಳಿಸಲಿ. ಆಮೇಲೆ ಮದುವೆ ಮಾತು” ಅಂದಿದ್ದ.

ಇವತ್ತು ಎರಡನೇ ಪರೀಕ್ಷೆ. ತಿಂಡಿಯ ಹೊತ್ತಿಗೇ ಯಜಮಾನನ ಹೆಂಡತಿ ಡಾರ್ಲೀನ್ ಮರದ ಸೌಟು ಹಿಡಿದು ನಿಂತಿದ್ದಳು.

“ಕೆಂಪು ದೀಪದ ಕಂಬಕ್ಕೆ ಏನಂತಾರೆ?”

“ರೋಬೋ...”

ಸೌಟು ಮಣಿಕಟ್ಟಿಗೆ ಬಿತ್ತು. “ಸಿಗ್ನಲ್ ಲೈಟು ಅನ್ನೋ! ಬಾಯಿಗೆ ರೋಬೋಟು ಬಂದ ಕೂಡ್ಲೇ ನುಂಗು, ಸಿಗ್ನಲ್ ಲೈಟು ಅನ್ನು. ಸರಿಯಾಗಿ ಹೇಳೋ ತನಕ ಪ್ಯಾನ್‌ಕೇಕ್ ಮೇಲೆ ಸಿಹಿಪಾಕ ಇಲ್ಲ.”

“ಆಯ್ತು ಟಾನಿ.”

“ಮೇಡಂ ಅನ್ನು!” ಇನ್ನೊಂದು ಬಿತ್ತು.

ಮರ್ಲ್ ಅವನನ್ನು ಪೇಟೆಗೆ ಕರೆದುಕೊಂಡು ಹೊರಟವನು ದಾರಿಯಲ್ಲಿ ಕಾಫಿಗೆ ನಿಲ್ಲಿಸಿದ. ಅಲ್ಲಿನ ಮುದುಕರಿಗೆ ಬೇರೆ ಕೆಲಸವೇನಿತ್ತು? ಎಲ್ಲರೂ ಮೇಷ್ಟ್ರಾದರು.

“ಏನಪ್ಪ, ಈಗಲೂ ರೋಬೋಟು ಕಾಣಿಸುತ್ತಾ?” ಎಂದು ಕಿವುಡ ಆರ್ವಲ್ ಊರಿಗೆಲ್ಲ ಕೇಳುವಂತೆ ಕೂಗಿದ. “ಮರ್ಲ್, ನಿನ್ನ ಲಾರಿಗೆ ರೋಬೋಟೇ ಬೇಕಂತೆ ಹೌದಾ?”

“ಹೌದು ಕಣೋ, ಅದೊಂದು ಬಂದ್ರೆ ನನ್ನ ತಲೆನೋವು ಹೋಗುತ್ತೆ” ಎಂದು ಮರ್ಲ್ ನಗೆಯಾಡಿದ. ಪಕ್ಕದ ಮೇಜಲ್ಲಿ ಕೂತಿದ್ದ ವರ್ಜಿಲ್ ಹಾಸೆಕ್ ಮಾತ್ರ ನಗಲಿಲ್ಲ. ಟ್ರ್ಯಾಕ್ಟರು, ಲಾರಿ ಮಾರುವ ವ್ಯಾಪಾರಿ ಅವನು. ಅರ್ಧ ಕಾಫಿ ಬಿಟ್ಟು ಎದ್ದು ಹೋದ.

ಪರೀಕ್ಷೆ ಶುರುವಾಯಿತು. ತಿರುವು, ಬ್ರೇಕು, ಹಿಮ್ಮುಖ, ಎಲ್ಲವೂ ಬೆಣ್ಣೆಯಂತೆ ಆಯಿತು. ಕೊನೆಗೆ ಅದೇ ಚೌಕ, ಅದೇ ಕೆಂಪು ದೀಪ.

“ಯಾಕೆ ನಿಲ್ಲಿಸಿದ್ರಿ?” ವೊಂಡಾಳ ಒಂದು ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು.

“ರೋ...” ಫ್ಲಿಪ್ಪಿಯ ಮಣಿಕಟ್ಟು ತಾನಾಗಿಯೇ ಚುರುಗುಟ್ಟಿತು.

“ರೋ?”

“ರೋಡಲ್ಲಿ ಸಿಗ್ನಲ್ ಲೈಟು ಕೆಂಪಗಾಗಿದೆ, ಮೇಡಂ!”

ವೊಂಡಾ ಬಾಗಿಲಿನಿಂದ ಕೈ ತೆಗೆದಳು. “ಅಂತೂ ಗುಣವಾಯ್ತಲ್ಲ, ಸಂತೋಷ” ಅಂದಳು. ಮಧ್ಯಾಹ್ನದೊಳಗೆ ಲೈಸೆನ್ಸು ಜೇಬಲ್ಲಿತ್ತು. ಫ್ಲಿಪ್ಪಿ ಅದನ್ನು ಮೂರು ಸಲ ತೆಗೆದು ನೋಡಿ, ನಾಲ್ಕನೇ ಸಲ ಮುತ್ತಿಟ್ಟ.

ಜಮೀನಿಗೆ ಬಂದರೆ, ಅಂಗಳದಲ್ಲಿ ಹೊಚ್ಚಹೊಸ ಬಿಳಿ ಲಾರಿ! ಪಕ್ಕದಲ್ಲಿ ಹಲ್ಲು ಕಿರಿಯುತ್ತ ವರ್ಜಿಲ್ ನಿಂತಿದ್ದ.

“ನೀವು ಬೇಕು ಅಂದಿದ್ದು ಕೇಳಿಸ್ಕೊಂಡೆ, ಮರ್ಲ್. ರೋಬೋಟು ತಂದಿದ್ದೀನಿ. ತಾನೇ ಓಡಿಸುತ್ತೆ, ತಾನೇ ನಿಲ್ಲಿಸುತ್ತೆ. ಒಂದು ವಾರ ಸುಮ್ಮನೆ ಇಟ್ಕೊಂಡು ನೋಡಿ.”

ಫ್ಲಿಪ್ಪಿ ಬೆಪ್ಪಾದ. ಕಂಬದ ಮೇಲಿನ ದೀಪ ಲಾರಿ ಓಡಿಸುವುದೆಂದರೇನು? ಅವನಿಗೆ ಅರ್ಥವಾಗುವಷ್ಟರಲ್ಲಿ ಮರ್ಲ್ ಆ ಲಾರಿಗೆ ಮನಸೋತಾಗಿತ್ತು.

“ಹಾಗಾದ್ರೆ ನಾನು, ಓಮ್ ಮರ್ಲ್?” ಅವನ ಊರಲ್ಲಿ ಹಿರಿಯ ಗಂಡಸರೆಲ್ಲ ಓಮ್, ಅಂದರೆ ಚಿಕ್ಕಪ್ಪ.

“ನೀನಿಲ್ಲದೆ ಆಗುತ್ತೇನಯ್ಯ!” ವರ್ಜಿಲನೇ ಬೆನ್ನು ತಟ್ಟಿದ. “ಲೈಸೆನ್ಸು ಇರೋ ಮನುಷ್ಯ ಒಬ್ಬ ಸೀಟಲ್ಲಿ ಇರಲೇಬೇಕು. ಆದ್ರೆ ಯಾವುದನ್ನೂ ಮುಟ್ಟಬೇಡ, ಅಷ್ಟೇ.”

ಹೀಗೆ ಫ್ಲಿಪ್ಪಿ ಲಾರಿ ಹತ್ತಿದ. ಜೋಳ ತುಂಬಿಕೊಂಡು ಲಾರಿ ತಾನೇ ಪೇಟೆಯತ್ತ ಹೊರಟಿತು. ಸ್ಟೀರಿಂಗು ದೆವ್ವ ಹಿಡಿದಂತೆ ತಾನಾಗಿ ತಿರುಗುತ್ತಿತ್ತು. ಅಳು ಬರುವಷ್ಟು ಬೇಜಾರಾಯಿತು. ಆದರೂ ಮಾವನಾಗುವವನಿಗೆ ಮುಖವನ್ನಷ್ಟೇ ತೋರಿಸಿದರಾಯಿತೆಂದು ಧೈರ್ಯ ತಂದುಕೊಂಡು ಫೋನು ತೆಗೆದ. ಮೀಸೆ ನೇವರಿಸಿಕೊಂಡು ಗತ್ತಿನಿಂದ ವಿಡಿಯೋ ಶುರು ಮಾಡಿದ.

ಚೌಕ ಬಂತು. ದೀಪ ಕೆಂಪಾಯಿತು. ಲಾರಿ ಹದವಾಗಿ ನಿಂತಿತು. ಪಕ್ಕದಲ್ಲೇ ಒಂದು ಕಾರೂ ನಿಂತಿತು. ಮನೆಗೆ ಹೊರಟಿದ್ದ ವೊಂಡಾ ಪ್ರೂಯಿಟ್ ಕಾರಿನ ಗಾಜು ಇಳಿಸಿ ತಲೆ ಎತ್ತಿದಳು. ಫ್ಲಿಪ್ಪಿಯ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೀಸೆಯ ಮೇಲೆ, ಸ್ಟೀರಿಂಗು ಅನಾಥ!

“ಏನ್ರೀ ಇದು? ಲಾರಿ ಓಡಿಸ್ತಿರೋದು ಯಾರು?”

ಉತ್ತರ ಫ್ಲಿಪ್ಪಿಯ ನಾಲಿಗೆಯ ತುದಿಯಲ್ಲೇ ಇತ್ತು. “ರೋ...” ಅಂದ. ಮಣಿಕಟ್ಟು ಚುರುಗುಟ್ಟಿತು. ಡಾರ್ಲೀನಳ ಸೌಟು ಕಣ್ಣ ಮುಂದೆ ಬಂತು. ಕಷ್ಟಪಟ್ಟು ಕಲಿತ ಪಾಠ, ಹೇಗೆ ಮರೆತಾನು? ಬಂದ ಪದವನ್ನು ಗುಳುಕ್ಕನೆ ನುಂಗಿ, ಬೆನ್ನು ನೆಟ್ಟಗೆ ಮಾಡಿ ಕೂತು, ಸ್ಪಷ್ಟವಾಗಿ ಹೇಳಿದ:

“ಸಿಗ್ನಲ್ ಲೈಟು, ಮೇಡಂ!”

ವೊಂಡಾ ಕಾರಿಳಿದು ಬಂದು ಕೈ ಚಾಚಿದಳು. ಫ್ಲಿಪ್ಪಿ ಲೈಸೆನ್ಸನ್ನು ಕಿಟಕಿಯಿಂದ ಇಳಿಸಿ ಅವಳ ಅಂಗೈಯಲ್ಲಿಟ್ಟ. ಅಷ್ಟರಲ್ಲಿ ದೀಪ ಹಸಿರಾಯಿತು. ಲೈಸೆನ್ಸಿಲ್ಲದ ಫ್ಲಿಪ್ಪಿಯನ್ನು ಕೂರಿಸಿಕೊಂಡು ಲಾರಿ ತನ್ನ ಪಾಡಿಗೆ ಹೊರಟಿತು.