ಸುಣ್ಣ ತಾಗದ ಅಂಗೈಯಗಲ

ಏನನ್ನೂ ಬರೆಯದೆ ಇರುವುದಕ್ಕೆ ಹದಿನೈದು ದಿನ ತೆಗೆದುಕೊಳ್ಳುವ ಮಹಾಕಲಾವಿದರೊಬ್ಬರು ನಮ್ಮ ಮಧುಗಿರಿಯಲ್ಲಿದ್ದಾರೆ! ನಾನು ಅವರ ಪಕ್ಕದ ಮನೆಗೆ ಬಂದು ನಾಲ್ಕು ವರ್ಷವಾಯಿತು. ಆದ್ದರಿಂದ ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ, ಅರ್ಥ ಮಾಡಿಸಲಾರೆ.

ವೃತ್ತಿಯಲ್ಲಿ ಅವರು ಬೋರ್ಡು ಬರೆಯುವವರು. ಕೊಡಿಗೇನಹಳ್ಳಿಯ ಗೊಬ್ಬರದಂಗಡಿಯ ಅಕ್ಷರಗಳು, ಗೊರವನಹಳ್ಳಿಗೆ ಹೋಗುವ ವ್ಯಾನಿನ ಬೆನ್ನ ಮೇಲಿನ ಲಕ್ಷ್ಮಿ, ಎಲ್ಲ ಅವರದೇ. ಶಿರಾದ ಬಿರಿಯಾನಿ ಹೋಟೆಲಿಗೆ ಬರೆದ ಕೋಳಿಯಂತೂ ಎಷ್ಟು ನೆಮ್ಮದಿಯಾಗಿ ನಗುತ್ತಿದೆಯೆಂದರೆ ಸಾಬರು ತಲೆ ಕೆರೆದುಕೊಂಡರಂತೆ: "ಏನ್ ಭಾಯ್, ಇದನ್ನ ನೋಡ್ದೋರು ತಿಂತಾರಾ, ಸಾಕ್ಕೊಂತಾರಾ?"

ಇಂಥವರ ಸ್ವಂತ ಜನ ಯಾರು? ಹತ್ತಿಪ್ಪತ್ತು ಮನೆಯ ಪುಟ್ಟ ಕ್ರೈಸ್ತ ಸಭೆ. ಅದರ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಚಿತ್ರ ಕೂಡದು, ಒಂದು ಹೂವೂ ಕೂಡದು! ದೇವರ ವಾಕ್ಯ ಕೇಳಲು ಬಂದವರು ಗೋಡೆ ನೋಡಬಾರದೆಂದು ಹಿಂದಿನವರು ಮಾಡಿದ ಕಟ್ಟಳೆ. ಹೀಗಾಗಿ ಸಭೆಯ ಏಕೈಕ ಕಲಾವಿದರು ಸಭೆಗೆ ಸಲ್ಲಿಸುವ ಕಲಾಸೇವೆ ಒಂದೇ: ಕ್ರಿಸ್‌ಮಸ್‌ಗೆ ಮುಂಚೆ ಸುಣ್ಣ ಬಳಿಯುವುದು. ಸುಣ್ಣ ನೆನೆಸಿ, ಹಳೇ ಪಂಚೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ, ಮನೆಯಂಗಳದಲ್ಲಿ ಅದನ್ನೇ ಸುಮ್ಮನೆ ನೋಡುತ್ತ ಕೂರುತ್ತಾರೆ.

"ಇನ್ನೂ ಯಾಕೆ ಶುರು ಮಾಡಿಲ್ಲ?"

"ಬಿಳಿ ಇನ್ನೂ ಹಣ್ಣಾಗಿಲ್ಲ ಮೇಷ್ಟ್ರೇ."

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಕಾಯಿಬಿಳಿ ಯಾವುದು, ಹಣ್ಣುಬಿಳಿ ಯಾವುದು, ಇಂದಿಗೂ ತಿಳಿಯದು.

ಈ ಸಲ ಸಂಕಟ ಬಂತು. ಪಾವಗಡದ ಕಡೆಯಿಂದ ಬಂದು ಹೊಸದಾಗಿ ಸಭಾಹಿರಿಯರಾದವರು ಎಡಗೋಡೆಯಲ್ಲಿ ಒಂದು ಅಪರಾಧ ಪತ್ತೆಮಾಡಿದರು: ಕೂತವರ ತಲೆಯೆತ್ತರದಲ್ಲಿ, ಅಂಗೈಯಗಲ, ಹಳದಿಗಟ್ಟಿದ ಜಾಗ. ವರ್ಷ ವರ್ಷವೂ ಅದನ್ನು ಬಿಟ್ಟು ಸುತ್ತಲೂ ನಾಜೂಕಾಗಿ ಸುಣ್ಣ ಬಳಿದಿದೆ!

"ಏಮಪ್ಪಾ, ಏನಿದು? ಗೋಡೆ ಮೇಲೆ ಚಿತ್ರ ಬರೆಯಂಗಿಲ್ಲ ಅಂತ ಗೊತ್ತಿಲ್ವಾ?"

"ನಾನು ಬರೆದಿಲ್ಲಣ್ಣ. ಇಡೀ ಗೋಡೇಲಿ ನಾನು ಕೈಯಿಡದೆ ಇರೋದು ಅದೊಂದೇ."

ಗಂಡಸರೆಲ್ಲ ಸೇರಿ ಪರಿಶೀಲಿಸಿದರಂತೆ. ಒಬ್ಬರಿಗದು ಮಧುಗಿರಿ ಬೆಟ್ಟದಂತೆ ಕಂಡಿತು, ಇನ್ನೊಬ್ಬರಿಗೆ ಮೇಕೆಯ ಮುಖದಂತೆ. ಏನನ್ನಾದರೂ ಹೋಲಿದರೆ ಅದು ಚಿತ್ರ, ಹೋಲದಿದ್ದರೆ ಕೊಳೆ. ಎರಡಕ್ಕೂ ಮಂದಿರದಲ್ಲಿ ಜಾಗವಿಲ್ಲ. ಭಾನುವಾರದೊಳಗೆ ಮುಚ್ಚಬೇಕು, ಇಲ್ಲವಾದರೆ ತುಮಕೂರಿನವನು ಬಂದು ಗೋಡೆಗೆಲ್ಲ ಪ್ಲಾಸ್ಟಿಕ್ ಪೇಂಟು ಹೊಡೆಯುತ್ತಾನೆ ಎಂದು ತೀರ್ಪಾಯಿತು. ಆ ಗೋಡೆಯ ಕೆಳಗೇ ಕೂರುವ ಹೆಂಗಸರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕಲಾವಿದರು ನಮ್ಮ ಜಗುಲಿಗೆ ಬಂದು ಕುಸಿದರು. "ಮೇಷ್ಟ್ರೇ, ನೀವಾದ್ರೂ ಬಂದು ಒಂದು ಮಾತು ಹೇಳಿ."

"ಏನಂತ?"

"ಅದು ಏನೂ ಅಲ್ಲ ಅಂತ."

ನನ್ನದಲ್ಲದ ಸಭೆಯಲ್ಲಿ, ನೋಡಿಯೇ ಇರದ ಕಲೆಯೊಂದು ಏನೂ ಅಲ್ಲವೆಂದು ಸಾಕ್ಷಿ ನುಡಿಯಲು, ಭಾನುವಾರ ಪ್ರಾರ್ಥನೆಗೆ ಮುಂಚೆಯೇ ಇಸ್ತ್ರಿ ಅಂಗಿ ತೊಟ್ಟು ಹೋದೆ!

ಹಿರಿಯರು ಸುಣ್ಣದ ಬ್ರಷ್ಷು ಕೊಟ್ಟು, "ಒಂದೇ ಏಟು, ಹಚ್ಚಪ್ಪ" ಎಂದರು. ಕೋಳಿಯ ಬಾಲವನ್ನು ಒಂದೇ ಎಳೆತಕ್ಕೆ ಮುಗಿಸುವ ಕೈ ಮೇಲೇಳಲೇ ಇಲ್ಲ. ಸುಣ್ಣ ಬ್ರಷ್ಷಿನ ತುದಿಯಿಂದ ಜಮಖಾನದ ಮೇಲೆ ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು ಗದರಿದರು: "ಅದ್ಯಾಕ್ಲಾ ಅದನ್ನ ಬಳೀತೀರಾ? ಅದು ಇವನ ಹೆಂಡ್ರು ಜಾಗ ಕಣ್ಲಾ. ತಲೆ ತುಂಬ ಹರಳೆಣ್ಣೆ ಹಚ್ಕಂಡ್ ಬಂದು, ಅಲ್ಲಿಗೇ ಒರಗಿಕೊಂಡು, ವಾಕ್ಯದ ಪ್ರಸಂಗ ಸುರುವಾದ್ರೆ ಸಾಕು ನಿದ್ದೆ ಹೊಡೆಯೋಳು. ತೀರೋಗಿ ಎಂಟು ವರ್ಸ ಆತು. ಅವಳ ಎಣ್ಣೆ ಜಿಡ್ಡು ಅದು!"

ಏನೂ ಅಲ್ಲವೆಂದು ಸಾಕ್ಷಿ ನುಡಿಯಬಂದ ನಾನು ಇಸ್ತ್ರಿ ಅಂಗಿಯೊಡನೆ ಹಿಂದಿನ ಸಾಲಿಗೆ ಸರಿದೆ.

ಹಿರಿಯರು ಬ್ರಷ್ಷನ್ನು ಬಿಡಿಸಿಕೊಂಡು ಬಕೆಟ್ಟಿಗೆ ಹಾಕಿದರು. ಕನ್ನಡಕ ಏರಿಸಿ, ಆ ಜಾಗವನ್ನು ಹತ್ತಿರದಿಂದ ನೋಡಿ, ಕೆಮ್ಮಿದರು.

"ಈ ಅಂಚಿನಾಗೆ ಸುಣ್ಣ ಒಳಕ್ಕೆ ಬಂದೈತೆ ನೋಡಪ್ಪ. ಒರೆಸು."

ಕಲಾವಿದರು ಟವೆಲ್ಲಿನ ತುದಿ ಒದ್ದೆಮಾಡಿಕೊಂಡು ಅಲ್ಲೇ ಕೂತರು. ಪ್ರಸಂಗ ಶುರುವಾಗಿ ಮುಗಿದರೂ ಒರೆಸುತ್ತಲೇ ಇದ್ದರು.