ಕಂಪ್ಯೂಟರಿನ ಹಿಂದಿನ ಹಲ್ಲಿ

ಹೊಳೆನರಸೀಪುರದ ನಿವೃತ್ತ ಹೆಡ್‌ಮೇಷ್ಟ್ರು ಯೋಗಾನರಸಿಂಹ ಅವರ ಕಂಪ್ಯೂಟರ್ ಅಪ್‌ಡೇಟ್ ಆಗಲು ಸುತರಾಂ ಒಪ್ಪುತ್ತಿರಲಿಲ್ಲ. ಶೇಕಡಾ ಮೂವತ್ತೈದರವರೆಗೆ ಗಂಭೀರವಾಗಿ ಸಾಗಿ, ಅಲ್ಲಿ ನಿಂತು, ಎರರ್ ಎಂದು ತೋರಿಸಿ, ಮಾಡಿದ್ದನ್ನೆಲ್ಲ ಅಳಿಸಿ ಕೂರುತ್ತಿತ್ತು. (ಪಾಸಾಗಲು ಅಷ್ಟು ಸಾಕು ಎಂಬ ಅಭಿಪ್ರಾಯ ಮೇಷ್ಟ್ರ ಹಳೆಯ ಶಿಷ್ಯರಂತೆ ಅದಕ್ಕೂ ಇದ್ದಿರಬೇಕು.)

ಅದರೊಳಗೆ ಎರಡು ನಿಧಿಗಳಿದ್ದವು. ಒಂದು, ಮೇಷ್ಟ್ರು ಬರೆಯುತ್ತಿದ್ದ ಆತ್ಮಕಥೆ. ಅರಕಲಗೂಡಿನ ಮೊದಲ ನೌಕರಿ ದಾಟಿ ಮದುವೆಯವರೆಗೆ ಬಂದಿತ್ತು. ಇನ್ನೊಂದು, ಅವರ ಹೆಂಡತಿ ಗೋದಮ್ಮನವರ ತಾಯಿ ಬದುಕಿದ್ದಾಗ ಹಾಡಿದ್ದ ಹಸೆಹಾಡುಗಳ ರೆಕಾರ್ಡಿಂಗ್. ಮುಂದಿನ ವಾರ ಚನ್ನರಾಯಪಟ್ಟಣದಲ್ಲಿ ಗೋದಮ್ಮನವರ ತಮ್ಮನ ಮಗಳ ಮದುವೆ. ಹುಡುಗಿ ಹಸೆಗೆ ಕೂರುವಾಗ ಅಜ್ಜಿಯ ದನಿಯೇ ಕೇಳಬೇಕೆಂದು ಅವರ ಆಸೆ.

"ರೀ, ನಮ್ಮಮ್ಮನ ಹಾಡು ಮೊದ್ಲು ಪೆನ್‌ಡ್ರೈವಿಗೆ ಹಾಕ್ಕೊಡಿ. ಆಮೇಲೆ ಅದೇನು ರಿಪೇರಿ ಮಾಡ್ತೀರೋ ಮಾಡ್ಕೊಳಿ."

"ಅಪ್‌ಡೇಟ್ ಆಗ್ಲಿ ತಡಿಯೇ. ಇದು ಬರೀ ಇಂಟರ್‌ನೆಟ್ ತೊಂದ್ರೆ."

ಕಂಪ್ಯೂಟರಿನ ಹಿಂದೆ 'ಲೊಚ್' ಎಂದಿತು.

"ನೋಡು, ಹಲ್ಲೀನೂ ಹೌದು ಅಂತು!" ಮೇಷ್ಟ್ರು ಮೇಜಿನ ಮೇಲೆ ಬೆರಳಿನಿಂದ ತಟ್ಟಿ "ಕೃಷ್ಣ ಕೃಷ್ಣ" ಎಂದರು. ಆಡಿದ ಮಾತಿನ ಬೆನ್ನಿಗೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎಂಬುದರಲ್ಲಿ ಗಂಡಹೆಂಡಿರಿಗೆ ಭಿನ್ನಾಭಿಪ್ರಾಯವಿರಲಿಲ್ಲ. (ಆ ಮನೆಯಲ್ಲಿ ಅಂಥ ವಿಷಯಗಳು ಕಡಿಮೆ.)

ಅಂದಿನಿಂದ ಚಿಕಿತ್ಸೆಯೆಲ್ಲ ಹಲ್ಲಿಯ ಮಾರ್ಗದರ್ಶನದಲ್ಲೇ ನಡೆಯಿತು. "ವೈರಸ್ ಇರ್ಬೇಕು" ಎಂದರು, ಲೊಚ್. ವೈರಸ್ ಹುಡುಕಿಸಿದರು. "ಹಳೇ ಅಪ್‌ಡೇಟಿನ ಫೈಲುಗಳು ಅಡ್ಡ ಕೂತಿವೆ" ಎಂದರು, ಲೊಚ್. ಅವನ್ನೂ ಅಳಿಸಿದರು. ಬೆಳಿಗ್ಗೆ ಆನ್ ಮಾಡಿದಾಗಲೆಲ್ಲ ಕಪ್ಪು ಪರದೆಯ ಮೇಲೆ, ಡಿಸ್ಕ್ ಕೆಡುವ ಹಂತದಲ್ಲಿದೆ, ಫೈಲುಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿತ್ತು. ಅದು ಸುಮ್ಮನೆ ಎಲ್ಲರಿಗೂ ಹೇಳುವ ಮಾತೆಂದು ಮೇಷ್ಟ್ರು ಕೀಲಿ ಒತ್ತಿ ಮುಂದೆ ಹೋಗುತ್ತಿದ್ದರು.

"ಇದು ಇವತ್ತೋ ನಾಳೆಯೋ ಕೈಕೊಡತ್ತೆ, ನೋಡ್ತಿರಿ," ಎಂದರು ಒಂದು ದಿನ ಗೋದಮ್ಮ.

ಲೊಚ್, ಲೊಚ್. ಗೋದಮ್ಮ ಗಂಭೀರವಾಗಿ ತಟ್ಟಿದರು.

"ಅದು ಹುಳ ಕಂಡು ಲೊಚಗುಟ್ಟಿದ್ದು. ಲೆಕ್ಕಕ್ಕಿಲ್ಲ," ಎಂದರು ಮೇಷ್ಟ್ರು.

ಶನಿವಾರ ಮಗಳು ಶ್ರೀಗೌರಿ ಹಾಸನದಿಂದ ಬಂದು ಹೋದಳು. ಭಾನುವಾರ ಮೇಷ್ಟ್ರು ಪಂಚೆ ಬಿಗಿದು ಮತ್ತೆ ಕೂತರು. "ಈ ಸಲ ನೂರಕ್ಕೆ ನೂರು!" ಎಂದು ಗುಂಡಿ ಒತ್ತಿದರು. ಲೊಚ್ ಲೊಚ್ ಲೊಚ್ ಎಂದು ಒಂದೇ ಸಮನೆ ಸಮ್ಮತಿ ಬಂತು. ಆಮೇಲೆ ಸದ್ದು ನಿಂತಿತು, ಪರದೆ ಕಪ್ಪಾಯಿತು, ಮತ್ತೆ ಬೆಳಗಲೇ ಇಲ್ಲ.

ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಹಳ್ಳಿಮೈಸೂರಿನ ದಿಲೀಪ್ ಬಂದು ಡಬ್ಬಿ ಬಿಚ್ಚಿ ನೋಡಿದ.

"ಹಲ್ಲಿ ಏನಾದ್ರೂ ಒಳಗೆ ಸೇರ್ಕೊಂಡಿದ್ಯೇನಪ್ಪಾ?"

"ಹಲ್ಲೀನೂ ಇಲ್ಲ ಗಿಲ್ಲೀನೂ ಇಲ್ಲ ಸಾ. ಲೊಚಗುಟ್ತಿದ್ದಿದ್ದು ಡಿಸ್ಕು. ಸಾಯಾಕ್ ಮುಂಚೆ ಅಂಗೇ ಬಡ್ಕತದೆ. ಬರ್ಕಳಾಕೆ ಜಾಗನೇ ಕೆಟ್ಟೋಗಿರುವಾಗ ಅಪ್‌ಡೇಟ್ ಎಲ್ಲಿ ಕೂತ್ಕಂಡಾದು?"

"ಒಳಗಿದ್ದದ್ದು?"

"ಎಲ್ಲಾ ಓಯ್ತು ಕಣ್ ಸಾ."

ಮೇಷ್ಟ್ರಿಗೆ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳ ತೀರಿಹೋದ ತಾಯಿಯ ದನಿಯನ್ನು ತಾನೇ ಕಳೆದೆನಲ್ಲ ಎಂದು ನಿಜಕ್ಕೂ ನೊಂದುಕೊಂಡರು. "ಗೋದಾ, ನಿಮ್ಮಮ್ಮನ ಹಾಡು..."

"ಅದು ಭದ್ರವಾಗಿದೆ." ಗೋದಮ್ಮ ದೇವರ ಗೂಡಿನಿಂದ ಪೆನ್‌ಡ್ರೈವ್ ತಂದು ತೋರಿಸಿದರು. "ಹಲ್ಲಿ ನುಡಿದ್ಮೇಲೆ ಸುಮ್ಮನಿರಕ್ಕಾಗತ್ತಾ? ಶನಿವಾರ ನೀವು ದೇವಸ್ಥಾನಕ್ಕೆ ಹೋದಾಗ ಶ್ರೀಗೌರಿ ಕೈಲಿ ಹಾಕಿಸ್ಕೊಂಡೆ. ಅಪ್ಪನ ಕಥೇನೂ ಹಾಕೋಣ ಅಂದ್ಳು. ಕೇಳದೆ ಮುಟ್ಟಿದ್ರೆ ಮನೆ ಹಾರಿಹೋಗೋ ಹಾಗೆ ಕೂಗಾಡ್ತಾರೆ, ಬೇಡ ಅಂದೆ."

ಆ ಮಧ್ಯಾಹ್ನ ಮೇಷ್ಟ್ರು ಮೊಸರನ್ನವನ್ನು ಅರ್ಧಕ್ಕೇ ಬಿಟ್ಟೆದ್ದರು. ಗೋದಮ್ಮನಿಗೆ ಪಾಪ ಅನ್ನಿಸಿತು.

"ಕೊರಗ್ಬೇಡಿ. ನಿಮ್ಮ ಕಥೆ ನಿಮಗಿಂತ ಚೆನ್ನಾಗಿ ನಂಗೊತ್ತು. ನಾನು ಹೇಳ್ತೀನಿ, ನೀವು ಬರ್ಕೊಳಿ."

ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಹಾಳೆ, ಪೆನ್ನು ಹಿಡಿದು ಕೂತರು. ಗೋದಮ್ಮ ಎದುರಿಗೆ ನೆಲದ ಮೇಲೆ ಕಾಲು ಚಾಚಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"'ನಾನು ಯಾವತ್ತೂ ಹೆಂಡತಿ ಮಾತು ಕೇಳಿದವನಲ್ಲ.'"

ಇದು ಶುದ್ಧ ಸುಳ್ಳು ಎನ್ನಲು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಕಡೆಯಿಂದ 'ಲೊಚ್' ಎಂದಿತು. ಬೆಚ್ಚಿ ತಲೆಯೆತ್ತಿದರು. ಗಡಿಯಾರದ ಪಕ್ಕದಲ್ಲಿ, ಬಾಲ ಸಮೇತ, ಹಲ್ಲಿಯೇ ಕೂತಿತ್ತು.

ಗೋದಮ್ಮ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದರು. ಮೇಷ್ಟ್ರು ಬರೆದುಕೊಂಡರು.